ಬೆಳಗಾವಿ ಸೀಮೆಯ ಶಿಶುರಕ್ಷಣೆಯೂ ಪೆನಿಸಿಲಿನ್ ಔಷಧವೂ

ಔಷಧವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಕಂಡುಹಿಡಿದ ವರ್ಷದಿಂದ ಆರಂಭಿಸುವರು. ಪೆನಿಸಿಲಿನ್ನಿನ ವಿಷಯದಲ್ಲಿ ಆ ವರ್ಷವು 1928. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು, ಗಾಜಿನ ತಟ್ಟೆಯಲ್ಲಿ ಬೆಳೆದ ಬೂಷ್ಟಿನ ಸುತ್ತಲೂ ರೋಗಾಣುಗಳು ನಾಶವಾಗಿದ್ದುದನ್ನು ಆಗ ಕಂಡನು. ಆದರೆ ಔಷಧವು ಪ್ರಯೋಗಶಾಲೆಯಲ್ಲಿ ಹುಟ್ಟುವದು ಒಂದು ಘಟನೆ. ಅದು ಹಳ್ಳಿಯ ಕೂಸಿನ ಮೈಗೆ ಸೇರುವದು ಮತ್ತೊಂದು ಘಟನೆ. ಇವೆರಡರ ನಡುವಣ ಅಂತರವನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನೆಲೆಯಲ್ಲಿ ನಿಂತು ಅಳೆಯುವದೇ ಈ ಲೇಖನದ ಉದ್ದೇಶ.

ಆ ಕಾಲದಲ್ಲಿ ಈ ನಾಲ್ಕು ಊರುಗಳು ಒಂದೇ ಆಡಳಿತಕ್ಕೆ ಸೇರಿದ್ದಿಲ್ಲ. ಬೈಲಹೊಂಗಲ, ಕಿತ್ತೂರುಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಸಂಪಗಾವ ತಾಲೂಕಿಗೆ ಸೇರಿದ್ದವು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯಸ್ಥಾನವಾಗಿತ್ತು. ರಾಮದುರ್ಗವು 1948ರ ವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆದರೂ ಇವುಗಳಿಗೆಲ್ಲ ಸಮಾನವಾದ ಒಂದು ಲಕ್ಷಣವುಂಟು. ಧಾರವಾಡದಿಂದ ಲೋಂಡೆಯ ಮೇಲೆ ಬೆಳಗಾವಿಗೆ ಹೋದ ಉಗಿಬಂಡಿಯ ದಾರಿಯು ಇವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಜಿಲ್ಲೆಯ ದೊಡ್ಡ ದವಾಖಾನೆಗೆ ರೋಗಿಯನ್ನು ಒಯ್ಯಬೇಕಾದರೆ ಚಕ್ಕಡಿಯೋ ಮೋಟಾರೋ ಗತಿ. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಇನ್ನು ಔಷಧದ ಕಡೆಗೆ ತಿರುಗುವ. 1940ರ ಮೇ ತಿಂಗಳಲ್ಲಿ ಆಕ್ಸಫರ್ಡಿನ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರು ಇಲಿಗಳ ಮೇಲೆ ಪೆನಿಸಿಲಿನ್ನಿನ ಗುಣವನ್ನು ಪರೀಕ್ಷಿಸಿದರು. 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸನಿಗೆ ಅದನ್ನು ಕೊಡಲು, ಅವನು ಐದು ದಿನಗಳಲ್ಲಿ ಚೇತರಿಸಿಕೊಂಡನು. ಅಷ್ಟರಲ್ಲಿ ಔಷಧವು ಮುಗಿದುಹೋಗಿ ಮಾರ್ಚಿಯಲ್ಲಿ ತೀರಿಕೊಂಡನು. ಆ ತರುವಾಯ ಸಂಶೋಧಕರು ಹೆಚ್ಚಾಗಿ ಮಕ್ಕಳನ್ನೇ ಆರಿಸಿಕೊಂಡರು. ಚಿಕ್ಕ ಮೈಗೆ ಸ್ವಲ್ಪ ಔಷಧವು ಸಾಕಾಗುವದೆಂಬುದೇ ಅದಕ್ಕೆ ಕಾರಣ. ದಡಾರದ ಬಳಿಕ ತಲೆಗೆ ನಂಜೇರಿದ್ದ ನಾಲ್ಕು ವರುಷದ ಬಾಲಕನೊಬ್ಬನು ನಂಜಿನಿಂದ ಪಾರಾದನು, ಆದರೆ ಮೆದುಳಿನ ರಕ್ತನಾಳವು ಒಡೆದು ಮಡಿದನು. ಮೂಳೆಯಲ್ಲಿ ಕೀವುಗೂಡಿದ್ದ ಹದಿನಾಲ್ಕರ ಹುಡುಗನು ಬದುಕಿದನು. ಹೀಗೆ ಈ ಔಷಧದ ಚರಿತ್ರೆಯಲ್ಲಿ ಮಕ್ಕಳು ಮೊದಲಿನಿಂದಲೇ ಇರುವರು.

ಆದರೆ ಪೆನಿಸಿಲಿನ್ನಿಗೆ ಒಂದು ದೊಡ್ಡ ಕೊರತೆಯಿತ್ತು. ಅದು ಮೈಯಲ್ಲಿ ನಿಲ್ಲದೆ ಮೂತ್ರದೊಡನೆ ಬೇಗನೆ ಹೊರಟುಹೋಗುವದು. ಆದುದರಿಂದ ಮೂರು ತಾಸಿಗೊಮ್ಮೆ, ಹಗಲಿರುಳು ಕೂಡಿ ದಿನಕ್ಕೆ ಎಂಟು ಸಲ, ಸೂಜಿ ಹಾಕಬೇಕಾಗುತ್ತಿತ್ತು. ನೀರಿನಲ್ಲಿ ಕಲಸಿದ ಮದ್ದನ್ನು ತಂಪಿನಲ್ಲಿ ಇಡದಿದ್ದರೆ ಅದರ ಶಕ್ತಿಯು ಕುಂದುವದು. ರಾತ್ರಿಯ ದಾದಿಯರೂ ಶೀತಪೆಟ್ಟಿಗೆಯೂ ಇದ್ದ ಪಟ್ಟಣದ ಆಸ್ಪತ್ರೆಗೆ ಇದು ಸಾಧ್ಯವೇ ಹೊರತು, ಹಗಲಲ್ಲಿ ಮಾತ್ರ ತೆರೆದಿರುವ ತಾಲೂಕಿನ ಔಷಧಾಲಯಕ್ಕೆ ಸಾಧ್ಯವಲ್ಲ. ಮಹಾಯುದ್ಧವು 1945ರಲ್ಲಿ ಮುಗಿದು, ಸೈನ್ಯಕ್ಕೆ ಮೀಸಲಾದ ಔಷಧವು ಪ್ರಜೆಗಳಿಗೆ ದೊರೆಯಲಾರಂಭಿಸಿದ ಮೇಲೂ ಈ ತೊಡಕು ಹಾಗೆಯೇ ಉಳಿಯಿತು.

ಅದನ್ನು ಬಿಡಿಸಲು ಮಾಡಿದ ಮೊದಲ ಪ್ರಯತ್ನವು ನಮ್ಮ ಸೀಮೆಯವರಿಗೆ ಸ್ವಾರಸ್ಯವಾಗಿ ತೋರುವಂಥದು. ಅಮೇರಿಕೆಯ ಸೈನ್ಯದ ವೈದ್ಯನಾದ ರೊಮಾನ್‌ಸ್ಕಿಯು ಪೆನಿಸಿಲಿನ್ನನ್ನು ಶೇಂಗಾ ಎಣ್ಣೆಯಲ್ಲಿಯೂ ಜೇನುಮೇಣದಲ್ಲಿಯೂ ಬೆರೆಸಿ, ಅದು ಮಾಂಸದಿಂದ ಮೆಲ್ಲಗೆ ಒಸರುವಂತೆ ಮಾಡಿದನು. 1948ರಲ್ಲಿ ಪ್ರೋಕೇನ್ ಪೆನಿಸಿಲಿನ್ ಬಂದು ದಿನಕ್ಕೊಂದೇ ಸೂಜಿಯು ಸಾಕಾಯಿತು. 1951ರಲ್ಲಿ ಬೆಂಜಥೀನ್ ಪೆನಿಸಿಲಿನ್ ಸಿದ್ಧವಾಯಿತು. ತಿಂಗಳಿಗೊಂದು ಸಲದ ಸೂಜಿಯಿಂದ, ಕೀಲುಗಳಲ್ಲಿ ಕಾಣಿಸಿಕೊಂಡು ಮಕ್ಕಳ ಹೃದಯವನ್ನು ಕೆಡಿಸುವ ವಾತಜ್ವರವು ಮರುಕಳಿಸದಂತೆ ತಡೆಯಬಹುದಾಯಿತು. ತಾಯಿಯು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಸೂಜಿ ಹಾಕಿಸಿ, ಸಂಜೆಗೆ ಮನೆಯನ್ನು ಸೇರಬಹುದಾದ ಚಿಕಿತ್ಸೆಯು ಇದೇ.

ಇಷ್ಟಾದರೂ ಔಷಧವು ಪರದೇಶದಿಂದಲೇ ಬರಬೇಕಾಗಿದ್ದಿತು. ವಿಶ್ವಸಂಸ್ಥೆಯ ಮಕ್ಕಳ ನಿಧಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ನೆರವಿನಿಂದ ಪುಣೆಯ ಹತ್ತಿರ ಪಿಂಪರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಎಂಬ ಸರಕಾರಿ ಕಾರಖಾನೆಯು ಸ್ಥಾಪಿತವಾಗಿ, 1955ರಲ್ಲಿ ಪೆನಿಸಿಲಿನ್ನನ್ನು ತಯಾರಿಸತೊಡಗಿತು. ಆಗ ನಮ್ಮ ನಾಲ್ಕು ಊರುಗಳೂ ಪಿಂಪರಿಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವಂಬರ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಹುಬ್ಬಳ್ಳಿಯಲ್ಲಿಯೂ 1963ರಲ್ಲಿ ಬೆಳಗಾವಿಯಲ್ಲಿಯೂ ವೈದ್ಯಕೀಯ ಕಾಲೇಜುಗಳು ಆರಂಭವಾದವು.

ಮಕ್ಕಳ ಮರಣವು ಇಳಿದುದಕ್ಕೆಲ್ಲ ಪೆನಿಸಿಲಿನ್ನೇ ಕಾರಣವೆನ್ನುವದು ಅತಿಶಯೋಕ್ತಿಯಾದೀತು. ಸಿಡುಬಿಗೆ ದೇವಿಹಾಕುವದೇ ರಕ್ಷೆಯಾಗಿತ್ತು. ವಿಷಮಶೀತಜ್ವರಕ್ಕೆ ಈ ಔಷಧವು ನಾಟದು. ಶುದ್ಧಜಲ, ಅನ್ನಗಳ ಪಾತ್ರವು ದೊಡ್ಡದು. ಆದರೂ ನ್ಯುಮೋನಿಯಾ, ಮೂಳೆಯ ಕೀವು, ರಕ್ತದ ನಂಜು ಇವುಗಳಲ್ಲಿ ಅದು ತಂದ ಬದಲಾವಣೆಯು ನಿಸ್ಸಂದೇಹವಾದುದು. ನಮ್ಮ ಸೀಮೆಯ ಮಟ್ಟಿಗೆ ಎಣಿಸಬೇಕಾದ ವರ್ಷಗಳು 1928 ಅಥವಾ 1941 ಅಲ್ಲ. ದಿನಕ್ಕೊಂದು ಸೂಜಿಯನ್ನು ತಂದ 1948, ದೇಶದಲ್ಲಿಯೇ ಔಷಧವನ್ನು ತಂದ 1955. ಶಾಸನಗಳನ್ನು ಕಾಪಾಡುವ ನಾವು ತಾಲೂಕು ದವಾಖಾನೆಗಳ ಹಳೆಯ ರೋಗಿಪಟ್ಟಿಗಳನ್ನೂ ಅಷ್ಟೇ ಆದರದಿಂದ ಕಾಪಾಡತಕ್ಕದ್ದು. ಅರಸರ ದತ್ತಿಗಳಿಗೆ ಕಲ್ಲು ಸಾಕ್ಷಿಯಾಗಿರುವಂತೆ, ಬದುಕಿ ಉಳಿದ ಮಕ್ಕಳಿಗೆ ಆ ಕಾಗದಗಳೇ ಸಾಕ್ಷಿ.