ವಸಿಷ್ಠ–ಅರುಂಧತಿ ಮತ್ತು ಒಬ್ಬ ಸನ್ಯಾಸಿಯ ಕಾಗದ



ನೆರೆಹೊರೆಯ ಹಿಂದೂ ಮದುವೆಗಳಲ್ಲಿ ಪುರೋಹಿತರು ವಧೂವರರಿಗೆ ಅರುಂಧತಿ ನಕ್ಷತ್ರ ತೋರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವಿನ ನಕ್ಷತ್ರ ವಸಿಷ್ಠ. ಅದರ ಪಕ್ಕದಲ್ಲೇ ಇರುವ ಮಂಕಾದ ಚುಕ್ಕಿ ಅರುಂಧತಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಮಿಜಾರ್ ಮತ್ತು ಆಲ್ಕರ್. ಈ ಜೋಡಿಯ ಕಥೆಯಲ್ಲಿ ನಮ್ಮ ಧರ್ಮಸಭೆಯ ಚರಿತ್ರೆಯ ಕಹಿ ಅಧ್ಯಾಯವೊಂದು ಸೇರಿಕೊಂಡಿದೆ. "ಗೆಲಿಲಿಯೋಗೆ ಶಿಕ್ಷೆ ಕೊಟ್ಟವರಲ್ಲವೇ ನೀವು?" ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಉತ್ತರಿಸುವ ಮೊದಲು ಈ ಕಥೆ ನಮಗೆ ಗೊತ್ತಿರಲಿ.

ಬೆನೆದೆತ್ತೊ ಕಾಸ್ತೆಲ್ಲಿ ಬೆನೆಡಿಕ್ಟೈನ್ ಸಭೆಯ ಸನ್ಯಾಸಿ, ಗೆಲಿಲಿಯೋನ ಶಿಷ್ಯ, ಇಟಲಿಯ ಪೀಸಾದಲ್ಲಿ ಗಣಿತದ ಅಧ್ಯಾಪಕ. ಬೈಬಲ್ ಮತ್ತು ಪ್ರಕೃತಿಯ ಅಧ್ಯಯನ ಹೇಗೆ ಜೊತೆಯಾಗಿ ಸಾಗಬಹುದೆಂದು ಗೆಲಿಲಿಯೋ 1613ರಲ್ಲಿ ಬರೆದ ಪ್ರಸಿದ್ಧ ಪತ್ರ ಇವರಿಗೇ ಬರೆದದ್ದು. 1616ರ ಮಾರ್ಚ್‌ನಲ್ಲಿ, ಭೂಮಿ ಸೂರ್ಯನನ್ನು ಸುತ್ತುತ್ತದೆಂದು ಹೇಳಿದ ಕೊಪರ್ನಿಕಸ್‌ನ ಪುಸ್ತಕಕ್ಕೆ ರೋಮ್ ತಡೆ ಹಾಕಿತು. ಅದಾಗಿ ವರ್ಷ ತುಂಬುವ ಮೊದಲೇ, 1617ರ ಜನವರಿಯಲ್ಲಿ, ಮಿಜಾರನ್ನು ದೂರದರ್ಶಕದಲ್ಲಿ ನೋಡಿ ಎಂದು ಕಾಸ್ತೆಲ್ಲಿ ಗುರುವಿಗೆ ಕಾಗದ ಬರೆದರು. ಗೆಲಿಲಿಯೋ ನೋಡಿದರು. ಮಿಜಾರ್ ಒಂದಲ್ಲ, ಎರಡು ನಕ್ಷತ್ರ!

ಇದು ಬರೀ ಕುತೂಹಲದ ಮಾತಾಗಿರಲಿಲ್ಲ. ಮಂಕಾಗಿ ಕಾಣುವ ನಕ್ಷತ್ರ ಹೆಚ್ಚು ದೂರದಲ್ಲಿರುತ್ತದೆ ಎಂದು ಗೆಲಿಲಿಯೋ ಭಾವಿಸಿದ್ದರು. ಹಾಗಿದ್ದರೆ ಭೂಮಿ ಸೂರ್ಯನನ್ನು ಸುತ್ತುವಾಗ ಆ ಎರಡರ ನಡುವಿನ ಅಂತರ ವರ್ಷದುದ್ದಕ್ಕೂ ಸ್ವಲ್ಪ ಬದಲಾಗಬೇಕು. ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಮರ ದೂರದ ಗುಡ್ಡವನ್ನು ದಾಟಿ ಸರಿಯುವುದಿಲ್ಲವೇ, ಹಾಗೆ. ಆದರೆ ಮಿಜಾರ್ ಜೋಡಿಯಲ್ಲಿ ಅಂತಹ ಬದಲಾವಣೆ ಕಾಣುವಂತಿರಲಿಲ್ಲ. ಭೂಮಿ ನಿಂತಿತ್ತೆಂದಲ್ಲ, ಆ ಎರಡೂ ನಿಜಕ್ಕೂ ಜೊತೆಯಲ್ಲೇ ಇದ್ದವು, ನಮ್ಮಿಂದ ಸುಮಾರು 83 ಜ್ಯೋತಿರ್ವರ್ಷ ದೂರದಲ್ಲಿ. ನಕ್ಷತ್ರವೊಂದರ ಇಂತಹ ತೋರಿಕೆಯ ಸರಿತವನ್ನು ಬೆಸೆಲ್ ಅಳೆದದ್ದು 1838ರಲ್ಲಿ, ಬೇರೊಂದು ನಕ್ಷತ್ರದಲ್ಲಿ. ಅಷ್ಟರಲ್ಲಿ ಗೆಲಿಲಿಯೋಗೆ 1633ರಲ್ಲಿ ಶಿಕ್ಷೆಯಾಗಿ ಎರಡು ಶತಮಾನ ಕಳೆದಿತ್ತು.

ಮಿಜಾರ್ ಜೋಡಿಯನ್ನು ಕಂಡುಹಿಡಿದ ಕೀರ್ತಿ ಬಹುಕಾಲ ಯೇಸುಸಭೆಯ ಗುರು ರಿಚ್ಚೋಲಿ ಅವರಿಗೆ ಸಲ್ಲುತ್ತಿತ್ತು. ಅವರು ಭೂಮಿ ಚಲಿಸುವುದಿಲ್ಲವೆಂಬ ಪಕ್ಷದವರು. ಅಂದರೆ ವಾದದ ಎರಡೂ ಕಡೆ ಒಂದೇ ಧರ್ಮಸಭೆಯ ಜನರಿದ್ದರು, ಒಂದೇ ಆಕಾಶವನ್ನು ನೋಡುತ್ತಿದ್ದರು.

ಆಮೇಲಿನ ಕಥೆ ಇನ್ನೂ ಸ್ವಾರಸ್ಯಕರ. 1857ರಲ್ಲಿ ಹಾರ್ವರ್ಡ್‌ನ ಬಾಂಡ್ ಈ ಜೋಡಿಯ ಛಾಯಾಚಿತ್ರ ತೆಗೆದರು. 1889ರಲ್ಲಿ ಅಲ್ಲಿಯೇ ಪಿಕರಿಂಗ್, ಮಿಜಾರಿನ ಪ್ರಕಾಶಮಾನ ನಕ್ಷತ್ರದ ರೋಹಿತದಲ್ಲಿ ಗೆರೆಗಳು ಆಗಾಗ ಇಬ್ಭಾಗವಾಗುತ್ತವೆಂದು ಪ್ರಕಟಿಸಿದರು. ಆ ಫಲಕಗಳ ಅಧ್ಯಯನದಲ್ಲಿ ಆಂಟೋನಿಯಾ ಮೌರಿ ಎಂಬ ಯುವತಿಯೂ ದುಡಿದಿದ್ದರು. ಗೆರೆ ಇಬ್ಭಾಗವಾಯಿತೆಂದರೆ ಅಲ್ಲಿ ಒಂದು ನಕ್ಷತ್ರ ನಮ್ಮತ್ತ, ಇನ್ನೊಂದು ನಮ್ಮಿಂದಾಚೆ ಚಲಿಸುತ್ತಿದೆ ಎಂದರ್ಥ. ಅವು ಸುಮಾರು ಇಪ್ಪತ್ತೂವರೆ ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. 1908ರಲ್ಲಿ ಮಿಜಾರಿನ ಎರಡನೆಯ ನಕ್ಷತ್ರವೂ ಜೋಡಿಯೆಂದು ತಿಳಿಯಿತು. 2009ರಲ್ಲಿ ಅರುಂಧತಿಗೂ ಒಂದು ಪುಟ್ಟ ಕೆಂಪು ಸಂಗಾತಿ ಸಿಕ್ಕಿತು. ಒಟ್ಟು ಆರು! ಇವುಗಳಲ್ಲಿ ನಮ್ಮ ಕಣ್ಣಿಗೆ ಬೆಳಕು ಕೊಡುವವು ಸೂರ್ಯನಿಗಿಂತ ಬಿಸಿಯಾದ ಬಿಳಿ ನಕ್ಷತ್ರಗಳು. ಸೂರ್ಯನಂತೆಯೇ ಒಡಲಲ್ಲಿ ಹೈಡ್ರೋಜನನ್ನು ಹೀಲಿಯಂ ಮಾಡುತ್ತಾ ಬೆಳಗುತ್ತಿವೆ.

1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಗೆಲಿಲಿಯೋ ವಿಷಯದಲ್ಲಿ ಅಂದಿನ ದೇವಶಾಸ್ತ್ರಜ್ಞರು ತಪ್ಪಿದ್ದರೆಂದು ಬಹಿರಂಗವಾಗಿ ಒಪ್ಪಿಕೊಂಡರು. ಕಾಲೇಜಿನ ಆ ಪ್ರಶ್ನೆಗೆ ನಾವೂ "ಹೌದು, ತಪ್ಪಾಗಿತ್ತು" ಎಂದೇ ಹೇಳೋಣ. ಜೊತೆಗೆ ಕಾಸ್ತೆಲ್ಲಿಯವರ ಹೆಸರನ್ನೂ ಹೇಳೋಣ. ತಡೆ ಬಂದ ಮೇಲೂ ಅವರು ತಮ್ಮ ಸನ್ಯಾಸವನ್ನಾಗಲಿ, ದೂರದರ್ಶಕವನ್ನಾಗಲಿ ಬಿಡಲಿಲ್ಲ.

ಏಪ್ರಿಲ್, ಮೇ ತಿಂಗಳ ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಬರಿಗಣ್ಣಿಗೆ ವಸಿಷ್ಠ–ಅರುಂಧತಿ ಕಾಣುತ್ತಾರೆ. ಕಾಸ್ತೆಲ್ಲಿ ಕಂಡ ಜೋಡಿಗೆ ಶಾಲೆಯ ಚಿಕ್ಕ ದೂರದರ್ಶಕವೇ ಸಾಕು.