ಹುಳು ಕಟ್ಟಿಸಿದ ಮನೆ

ತಮ್ಮ ಫೋನ್ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ಒಲೆಯ ಮೇಲೆ ದೋಸೆ ಕಾವಲಿ ಕಾದಿತ್ತು. “ಅಕ್ಕ, ಕೆಂಗೇರಿ ಮನೆ ಕೊಟ್ಟುಬಿಡೋಣ ಅಂತಿದೀನಿ. ಒಳ್ಳೇ ಗಿರಾಕಿ ಸಿಕ್ಕಿದಾರೆ. ನೀನು ಬಂದು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕಿದ್ರೆ ಆಯ್ತು. ಅರಿಶಿನ ಕುಂಕುಮಕ್ಕೆ ಅಂತ ನಿನಗೆ ಕೊಡೋದು ಕೊಟ್ಟೇ ಕೊಡ್ತೀನಿ” ಎಂದ. ನಾನು “ಹೂಂ” ಎಂದೆ. ಫೋನ್ ಇಟ್ಟು ನೋಡಿದರೆ ದೋಸೆ ಸೀದು ಕರಕಲಾಗಿತ್ತು.

ಆ “ಹೂಂ” ಒಪ್ಪಿಗೆಯದೋ, ಬರೀ ಕೇಳಿಸಿಕೊಂಡದ್ದೋ ನನಗೇ ತಿಳಿಯಲಿಲ್ಲ. ಸಂಜೆ ನಾನೇ ಫೋನ್ ಮಾಡಿ ಒಂದು ವಾರ ತಡೆಯಲು ಹೇಳಿದೆ. ಆ ವಾರದಲ್ಲಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಹುಟ್ಟಿದೂರಿನ ಚರಿತ್ರೆಯನ್ನು ಹುಡುಕಿ ಓದಿದ್ದು. ಎಪ್ಪತ್ತು ದಾಟಿದ ಮೇಲೆ ಇದೆಂಥ ಹುಚ್ಚು ಎಂದು ನೀವು ನಗಬಹುದು. ಆದರೆ ನಮ್ಮಂಥವರಿಗೆ ಪುರುಸೊತ್ತು ಸಿಗುವುದೇ ಆ ವಯಸ್ಸಿನಲ್ಲಿ, ಅಲ್ಲವೇ?

ಕೆಂಗೇರಿ ಎಂದರೆ ಈಗಿನವರಿಗೆ ಉಪನಗರ, ಬಸ್ ಟರ್ಮಿನಲ್, ಮೆಟ್ರೊ. ನೇರಳೆ ಮಾರ್ಗದ ರೈಲು 2021ರ ಆಗಸ್ಟಿನಲ್ಲಿ ಅಲ್ಲಿಗೆ ಬಂತು. 2023ರ ಅಕ್ಟೋಬರಿನಲ್ಲಿ ಅದನ್ನೂ ದಾಟಿ ಚಲ್ಲಘಟ್ಟಕ್ಕೆ ಹೋಯಿತು. ನಮ್ಮ ವಿಜಯನಗರದಲ್ಲಿ ಹತ್ತಿದರೆ ಅರ್ಧ ಗಂಟೆಯೊಳಗೆ ತವರು. ನಾನು 1976ರಲ್ಲಿ ಮದುವೆಯಾಗಿ ಬಂದಾಗ ಅದು “ಊರಿಗೆ ಹೋಗುವುದು”. ಹಿಂದಿನ ರಾತ್ರಿಯೇ ಚೀಲ ತುಂಬಿಸಿಡಬೇಕಿತ್ತು. ಕೆಂಗೇರಿಯವರು ಸಿಟಿ ಮಾರ್ಕೆಟ್ಟಿಗೆ ಹೋಗಿ ಬಂದರೆ “ಬೆಂಗಳೂರಿಗೆ ಹೋಗಿದ್ದೆ” ಎನ್ನುತ್ತಿದ್ದರು. 2007ರಲ್ಲಿ ಊರಿನ ಪುರಸಭೆ ಹೋಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2025ರಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಯಿತು. ಮನೆಯ ಪತ್ರದಲ್ಲಿ ಮಾತ್ರ ಇನ್ನೂ “ಕೆಂಗೇರಿ ಹೋಬಳಿ” ಎಂದಿದೆ.

ಊರು ಹಳೆಯದು. ಗಂಗರ ನಾಡು ಚೋಳರ ಕೈಸೇರಿದ ಹನ್ನೊಂದನೆಯ ಶತಮಾನದಲ್ಲೇ ಅದು ಶಾಸನದಲ್ಲಿ ಕಾಣಿಸಿಕೊಂಡಿದೆ. ತೆಂಗಿನಕೇರಿ ಎಂಬುದೇ ನಾಲಿಗೆಯಲ್ಲಿ ಸವೆದು ಕೆಂಗೇರಿಯಾಯಿತೆಂದು ಊರಿನವರ ಮಾತು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಇದೇ ದಾರಿಯಲ್ಲಿ ಹೋದ. ಹೊಸದಾಗಿ ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಯಾವ ಕಸುಬು ಮಾಡುತ್ತಾರೆ, ಕೂಲಿ ಎಷ್ಟು, ಸೇರು ಎಷ್ಟು ತೂಗುತ್ತದೆ ಎಂದೆಲ್ಲ ಬರೆದುಕೊಂಡು ಹೋಗುವುದೇ ಅವನ ಕೆಲಸ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ತನ್ನ ದೇಶದ ಹಳ್ಳಿಯಿಂದ ಇಷ್ಟು ದೂರ ಬಂದು ನಮ್ಮ ಹಳ್ಳಿಗಳ ಲೆಕ್ಕವನ್ನು ಇಷ್ಟು ಅಕ್ಕರೆಯಿಂದ ಬರೆದಿಟ್ಟನಲ್ಲ ಎಂದು ಆಶ್ಚರ್ಯವಾಗುತ್ತದೆ. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ. ನಮ್ಮ ಅಜ್ಜಿಯ ಕಸುಬಿನ ಬೇರು ನನಗೆ ಬೇಕಿತ್ತು. ಆ ಕಸುಬು ರೇಷ್ಮೆ.

ಮೈಸೂರು ಸೀಮೆಯಲ್ಲಿ ರೇಷ್ಮೆಯನ್ನು ದೊಡ್ಡದಾಗಿ ಬೆಳೆಸಿದವನು ಟಿಪ್ಪು. ಬಂಗಾಳದಿಂದ ಮೊಟ್ಟೆ ತರಿಸಿದನೆಂದು ಚರಿತ್ರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೇಷ್ಮೆ ಹುಳುಗಳಿಗೆ ಗಂಟುರೋಗ ಬಡಿಯಿತು. ಫ್ರಾನ್ಸ್, ಇಟಲಿಗಳಲ್ಲಿ ಸಾಕಣೆಯೇ ನೆಲಕಚ್ಚಿತು. ವಿಜ್ಞಾನಿ ಪಾಸ್ಚರ್ 1865ರಲ್ಲಿ ಆ ರೋಗದ ಬೆನ್ನು ಹತ್ತಿ ಹೊರಟದ್ದು ನಿಮಗೆ ನೆನಪಿರಬಹುದು. ನಮ್ಮಲ್ಲೂ ಹುಳು ಸಾಯುತ್ತಿತ್ತು. ಆ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ರೇಷ್ಮೆಯ ಕೆಲಸಕ್ಕೆ ಕೈಹಾಕಿ, ಜಪಾನಿನಿಂದ ಮೊಟ್ಟೆ ತರಿಸಿದ. ನಮ್ಮೂರಿನ ಹೆಸರಿನ ಪಕ್ಕದಲ್ಲಿ ಇಟಲಿ, ಜಪಾನುಗಳ ಹೆಸರು ನೋಡಿ ನನಗೆ ನಗು ಬಂತು. ನಾವು ಚಿಕ್ಕವರಿದ್ದಾಗ ಬಿಡದಿಯೇ ನಮಗೆ ಪರದೇಶ!

ಅದಾದ ಹತ್ತು ವರ್ಷಕ್ಕೆ ಧಾತು ವರ್ಷದ ಬರ ಬಂತು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನ ಸುಟ್ಟುಹೋಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನಿಂದ ಮೈಸೂರಿಗೆ ರೈಲು ಹಾದಿ ಹಾಕಿದ್ದು ಈ ಬರದ ಬೆನ್ನಲ್ಲೇ. 1881ರಲ್ಲಿ ರೈಲು ಚನ್ನಪಟ್ಟಣದವರೆಗೆ ಬಂತು, ಮರುವರ್ಷ ಮೈಸೂರು ಮುಟ್ಟಿತು. ನಾವು ಸಂಜೆ ಹೊತ್ತು ಕೈಬೀಸುತ್ತ ನಿಲ್ಲುತ್ತಿದ್ದ ಆ ಹಳಿ ಹಸಿದವರ ಕಾಲದ್ದು ಎಂದು ಗೊತ್ತಾದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇಷ್ಟೆಲ್ಲ ಓದಿದ ಮೇಲೂ ಒಂದು ಕೊರತೆ ಉಳಿಯಿತು. ರಾಜರು, ಸಾಹೇಬರು, ರೋಗ, ಬರ, ರೈಲು ಎಲ್ಲ ಇದ್ದವು. ಹುಳುವಿಗೆ ಸೊಪ್ಪು ಹಾಕಿದವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಏಕೆಂದರೆ ನಾನು ಕಣ್ಣಾರೆ ನೋಡಿದ್ದೆ.

ನಮ್ಮ ತಂದೆಯ ತಾಯಿ ಹತ್ತು ವರ್ಷದವಳಾಗಿ ಆ ಮನೆಗೆ ಸೊಸೆಯಾಗಿ ಬಂದವಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಹುಳುವಿನ ಮೈ ನೋಡಿದರೆ ಸಾಕು, ಇದು ಹಾಲುತೊಂಡೆ, ಇದು ಸಪ್ಪೆ ರೋಗ, ಇದು ಸುಣ್ಣಕಟ್ಟು ಎಂದು ಹೇಳಿಬಿಡುತ್ತಿದ್ದಳು. ಸಾಸಿವೆಗಿಂತ ಸಣ್ಣ ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವಷ್ಟರಲ್ಲಿ ಸುಮಾರು ನಾಲ್ಕು ವಾರ. ಈ ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. “ಎರಡನೇ ಜ್ವರಕ್ಕೆ ಕೂತವೆ, ಸದ್ದು ಮಾಡಬೇಡ್ರೋ” ಎಂದು ಅಜ್ಜಿ ಗದರಿಸಿದರೆ ನಾವು ಮಕ್ಕಳು ಪಿಸುಮಾತಿಗೆ ಇಳಿಯುತ್ತಿದ್ದೆವು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವು ನೋಡಬೇಕು! ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಮನೆಯೊಳಗೆ ಮಳೆ ಬಂದ ಹಾಗೆ ಸದ್ದು. ನಡುರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಬೇಕು. ಹಾಕುತ್ತಿದ್ದವರು ಅಜ್ಜಿ, ಆಮೇಲೆ ನಮ್ಮಮ್ಮ. ಇರುವೆ ಹತ್ತದಿರಲೆಂದು ಅಡ್ಡೆಯ ನಾಲ್ಕು ಕಾಲಿನ ಕೆಳಗೆ ನೀರು ತುಂಬಿದ ಕಲ್ಲಿನ ಬಟ್ಟಲು ಇಟ್ಟಿರುತ್ತಿದ್ದರು. ಬೆಳಗಾಗೆದ್ದು ಆ ನೀರು ತುಂಬಿಸುವುದು ನನ್ನ ಪಾಲಿನ ಕೆಲಸ.

ಹುಳು ಹಣ್ಣಾದ ಮೇಲೆ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಮೇಲಿನ ಜಾಳು ಕೀಳುವುದು ಎಲ್ಲವೂ ಹೆಂಗಸರದೇ. ಗೂಡು ತುಂಬಿದ ಚೀಲ ಹೊತ್ತು ಸಂತೆಗೆ ಹೋಗುವುದು, ಬೆಲೆ ಕುದುರಿಸುವುದು, ದುಡ್ಡು ಎಣಿಸಿಕೊಂಡು ಬರುವುದು ಗಂಡಸರದು. ಅಜ್ಜಿ ಅಷ್ಟಕ್ಕೇ ನಿಲ್ಲದೆ ಹಿತ್ತಿಲಿನ ಒಲೆಯ ಮೇಲೆ ಗೂಡು ಬೇಯಿಸಿ ಚರಕದಲ್ಲಿ ನೂಲೂ ಬಿಚ್ಚುತ್ತಿದ್ದಳು. ಒಂದು ಕಿಲೋ ನೂಲಿಗೆ ಹತ್ತು ಕಿಲೋಗೂ ಹೆಚ್ಚು ಗೂಡು ಬೇಕು. ಕುದಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಮಸಿಯ ಬೊಟ್ಟು ಬಿಟ್ಟರೆ ಇನ್ನೇನೂ ಮೂಡುತ್ತಿರಲಿಲ್ಲ.

1930ರ ಸುಮಾರಿಗೆ ಜಪಾನ್, ಚೀನಗಳ ಅಗ್ಗದ ರೇಷ್ಮೆ ಬಂದು ನಮ್ಮವರ ಗೂಡು ಕೇಳುವವರಿಲ್ಲವಾಯಿತು. ಆಗ ಎಷ್ಟೋ ಮನೆಯವರು ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದರಂತೆ. ಅಜ್ಜಿ ಹಿತ್ತಿಲಿನ ಎರಡು ಸಾಲು ಮಾತ್ರ ಕೀಳಗೊಡಲಿಲ್ಲ. ಎರಡನೆಯ ಮಹಾಯುದ್ಧ ಬಂತು. ಜಪಾನಿನ ರೇಷ್ಮೆ ನಿಂತಿತು. ಸೈನ್ಯದ ಪ್ಯಾರಾಚೂಟುಗಳಿಗೆ ಮೈಸೂರಿನ ರೇಷ್ಮೆಯೇ ಬೇಕಾಯಿತು, ಬೆಲೆ ಏರಿತು. ಎಲ್ಲೋ ನಡೆದ ಯುದ್ಧದಲ್ಲಿ ಯಾವ ಹುಡುಗ ಆಕಾಶದಿಂದ ನಮ್ಮಜ್ಜಿಯ ನೂಲು ಹಿಡಿದು ಇಳಿದನೋ ಬಲ್ಲವರಾರು! ಆ ನಾಲ್ಕು ವರ್ಷದ ಗಳಿಕೆಯಲ್ಲಿ 1944ರಲ್ಲಿ ಮಣ್ಣಿನ ಗೋಡೆ ಬಿದ್ದು ಹೆಂಚಿನ ಮನೆ ಎದ್ದಿತು. ನಡುಮನೆ ದೊಡ್ಡದು, ಕಿಟಕಿ ಎತ್ತರದಲ್ಲಿ, ಒಳಗೆ ಸದಾ ತಂಪು. “ಹುಳುಕ್ಕೆ ಅಂತ ಕಟ್ಟಿದ ಮನೆ ಕಣೇ ಇದು. ನಾವು ಮೂಲೇಲಿ ಮಲಗಿಕೊಂಡ್ವಿ ಅಷ್ಟೆ” ಎನ್ನುತ್ತಿದ್ದಳು ಅಜ್ಜಿ. ಪತ್ರ ಆದದ್ದು ಅಜ್ಜನ ಹೆಸರಿಗೆ. ಅಜ್ಜನಿಂದ ಅಪ್ಪನಿಗೆ. ಅಪ್ಪನಿಂದ?

ಇನ್ನು ಹೊಳೆಯ ಮಾತು ಹೇಳದಿದ್ದರೆ ಊರಿನ ಕಥೆ ಮುಗಿಯದು. ವೃಷಭಾವತಿ ನಮ್ಮೂರ ಪಕ್ಕದಲ್ಲೇ ಹರಿದು, ಬೈರಮಂಗಲದ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ನನ್ನ ಬಾಲ್ಯದಲ್ಲಿ ಚಂದ್ರಿಕೆ, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಣಗಿಸುತ್ತಿದ್ದದ್ದು ಆ ಹೊಳೆಯ ಬಂಡೆಯ ಮೇಲೆ. ನಗರ ಬೆಳೆಯಿತು, ಅದರ ಕೊಚ್ಚೆ, ಕಾರ್ಖಾನೆಗಳ ಬಣ್ಣದ ನೀರು ಎಲ್ಲ ಹೊಳೆಗೆ ಇಳಿಯಿತು. ಮದುವೆಯ ಮರುವರ್ಷ ತವರಿಗೆ ಹೋದಾಗ ಅಜ್ಜಿ ಬಾವಿಕಟ್ಟೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಯಾಕಜ್ಜಿ ಎಂದರೆ, “ಹೊಳೇಲಿ ತೊಳೆದ ತಟ್ಟೇಲಿ ಹುಳು ನಿಲ್ತಾ ಇಲ್ಲ” ಎಂದಳು. ಊರಿನ ದೊಡ್ಡ ಸಾವಿನ ಸುದ್ದಿಯನ್ನು ಅವಳು ಹೇಳಿದ್ದು ಅಷ್ಟೇ ಮಾತಿನಲ್ಲಿ. ಯಾವ ಕಲ್ಲಿನ ಮೇಲೂ ಆ ವರ್ಷವನ್ನು ಯಾರೂ ಕೆತ್ತಿಲ್ಲ. ಹಿಪ್ಪುನೇರಳೆಯ ಹೊಲ ಸೈಟುಗಳಾದದ್ದು ಆಮೇಲೆ. ಹುಳು ಅದಕ್ಕೆ ಮೊದಲೇ ಮನೆ ಬಿಟ್ಟಿತ್ತು.

ವಾರ ಮುಗಿದ ಮೇಲೆ ಕೆಂಗೇರಿಗೆ ಹೋದೆ. ಬೀಗ ಹಾಕಿದ್ದ ಮನೆಯನ್ನು ತಮ್ಮ ತೆಗೆದ. ಅದೇ ನಡುಮನೆ, ಅದೇ ತಂಪು. ಅವನು ಕಾಗದ ಹರಡಿದ. ನಾನು ಸಹಿ ಹಾಕಲಿಲ್ಲ. “ಬಿಡುಗಡೆ ಬೇಡ ಕಣೋ. ಮಾರೋದಾದ್ರೆ ಇಬ್ಬರೂ ಸೇರಿ ಮಾರೋಣ” ಎಂದೆ. ಹೇಳುವಾಗ ಗಂಟಲು ನಡುಗಿತು, ಸುಳ್ಳು ಯಾಕೆ ಹೇಳಲಿ? ತವರಿನ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಭಯ ನಮಗೆ ಎಷ್ಟು ಆಳದಲ್ಲಿ ಇರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಕಾನೂನು ನನಗೆ ತಿಳಿದಿತ್ತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲು ಮದುವೆಯಾದ ನನ್ನಂಥವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹುಟ್ಟಿನಿಂದಲೇ ಮಗಳಿಗೆ ಮಗನಷ್ಟೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಆದರೆ ತಮ್ಮನಿಗೆ ನಾನು ಕಾನೂನು ಹೇಳಲಿಲ್ಲ. ಎರಡು ಸಾಲು ಹಿಪ್ಪುನೇರಳೆಯ ಕಥೆ, ಯುದ್ಧದ ಕಥೆ, ಗೆರೆ ಅಳಿಸಿದ ಬೆರಳಿನ ಕಥೆ ಹೇಳಿದೆ. ಈ ಮನೆ ಅಜ್ಜನದು ಎಂದು ಪತ್ರ ಹೇಳುತ್ತದೆ, ಆದರೆ ಇದರ ಒಂದೊಂದು ಹೆಂಚಿನ ಹಿಂದೆಯೂ ಅಜ್ಜಿಯ ನಿದ್ದೆಗೆಟ್ಟ ರಾತ್ರಿಗಳಿವೆ ಎಂದೆ.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಜ್ಜಿ ನಂಗೆ ಇದೆಲ್ಲ ಯಾವತ್ತೂ ಹೇಳ್ಲೇ ಇಲ್ವಲ್ಲಕ್ಕ” ಎಂದ.

“ನೀನು ಸೊಪ್ಪು ಹಾಕೋಕೆ ಬರ್ತಿರಲಿಲ್ಲ. ಅವಳು ಮಾತಾಡ್ತಿದ್ದದ್ದು ಆವಾಗಲೇ” ಎಂದೆ. ಇಬ್ಬರಿಗೂ ನಗು ಬಂತು. ಸ್ವಲ್ಪ ಕಣ್ಣೂ ಒದ್ದೆಯಾಯಿತು.

ಮನೆಯನ್ನು ಇಬ್ಬರೂ ಸೇರಿಯೇ ಮಾರಿದೆವು. ನನ್ನ ಪಾಲಿನ ಹಣವನ್ನು ನನ್ನ ಹೆಸರಿನಲ್ಲೇ ಇಟ್ಟಿದ್ದೇನೆ. ತಮ್ಮನ ಹೆಂಡತಿ ಆರು ತಿಂಗಳು ಮಾತು ಕಡಿಮೆ ಮಾಡಿದ್ದಳು. ಈ ಗೌರಿ ಹಬ್ಬಕ್ಕೆ ಬಾಗಿನ ಹಿಡಿದುಕೊಂಡು ಅವಳೇ ಬಂದಳು. ಬಾಗಿಲು ಮುಚ್ಚಲಿಲ್ಲ, ಅಷ್ಟು ಸಾಕು.

ಖಾಲಿ ಮಾಡುವ ದಿನ ಅಟ್ಟದ ಮೇಲೆ ಚಂದ್ರಿಕೆಯೊಂದು ಸಿಕ್ಕಿತು. ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು, ತರಲು ಆಗಲಿಲ್ಲ. ಹಿತ್ತಿಲ ಮೂಲೆಯಲ್ಲಿ ಅಡ್ಡೆಯ ಕಾಲಿನ ಆ ನಾಲ್ಕು ಕಲ್ಲಿನ ಬಟ್ಟಲುಗಳಿದ್ದವು. ಎರಡು ಅವನಿಗೆ, ಎರಡು ನನಗೆ ಎಂದು ಹಂಚಿಕೊಂಡೆವು. ಭಾರವಾದ ಚೀಲ ಹೊತ್ತು ಮೆಟ್ರೊ ಹತ್ತಿದೆ. ರೈಲು ಮೈಸೂರು ರಸ್ತೆಯ ಮೇಲೆ ಬರುವಾಗ ಕೆಳಗೆ ವೃಷಭಾವತಿ ಕಪ್ಪಗೆ ಹರಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ತಾಯಿಯನ್ನು, “ಅಮ್ಮ, ಅದ್ಯಾವ ಮೋರಿ?” ಎಂದು ಕೇಳಿದಳು. ನಾನು ಸುಮ್ಮನಿರಲಾರದೆ, “ಮೋರಿ ಅಲ್ಲಮ್ಮ, ಹೊಳೆ” ಎಂದೆ. ತಾಯಿ ಮಗಳಿಬ್ಬರೂ ನನ್ನ ಮುಖ ನೋಡಿದರು. ನಾನು ಹೇಳತೊಡಗಿದೆ. ವಿಜಯನಗರ ಬಂದದ್ದೇ ಗೊತ್ತಾಗಲಿಲ್ಲ.

ಬಟ್ಟಲುಗಳು ಈಗ ನಮ್ಮ ಮನೆಯ ಬಿಸಿಲುಮಚ್ಚಿನ ಮೇಲಿವೆ. ಬೆಳಗಾಗೆದ್ದು ನೀರು ತುಂಬಿಸುತ್ತೇನೆ.