ಹುಣಸೆಹಣ್ಣು ಹಚ್ಚಬೇಡಿ! (ನಮ್ಮ ಸೀಮೆಯ ತಾಮ್ರದ ದುಡ್ಡಿನ ಕಥೆ)

ಮುಧೋಳ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವುದು ನಾಯಿ ಬಗ್ಗೆ. ಸ್ವಲ್ಪ ಓದಿಕೊಂಡವರಾದರೆ ರನ್ನನ ಬಗ್ಗೆ. ಎರಡೂ ನಮ್ಮವಲ್ಲ ಸ್ವಾಮಿ, ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಮ್ಮದು ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕಿನ ಮುಧೋಳ, ತೆಲಂಗಾಣದ ಗಡಿಗೆ ಹತ್ತಿರ. ನಮ್ಮ ಪಾಲಿಗೆ ನಾಯಿಯೂ ಇಲ್ಲ, ಕವಿಯೂ ಇಲ್ಲ. ತಾಮ್ರ ಮಾತ್ರ ಇದೆ :-) ದೇವರ ಜಗುಲಿಯ ಮೇಲೆ, ಹಳೇ ಡಬ್ಬಿಗಳ ತಳದಲ್ಲಿ, ಅಜ್ಜಿಯರ ಎಲೆಅಡಿಕೆ ಚೀಲದಲ್ಲಿ ಕಪ್ಪಗಾದ ತಾಮ್ರದ ಬಿಲ್ಲೆಗಳು ಇನ್ನೂ ಸಿಗುತ್ತವೆ. ವಾರವೆಲ್ಲ ಕೋಡ್ ಬರೆಯುವ ನನಗೆ ವೀಕೆಂಡಿನಲ್ಲಿ ಅವುಗಳನ್ನು ಗುರುತಿಸುವ ಗೀಳು.

ದುಡ್ಡು, ಕಾಸು, ಹಣ ಎಂದು ನಾವು ಈಗ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಒಂದು ಕಾಲದಲ್ಲಿ ಇವು ಬೇರೆ ಬೇರೆ ನಾಣ್ಯಗಳ ಹೆಸರು. ಹಣ ಚಿನ್ನದ್ದು, ದುಡ್ಡು ಮತ್ತು ಕಾಸು ತಾಮ್ರದ್ದು. ಚಿನ್ನ, ಬೆಳ್ಳಿ ದೂರ ಓಡಾಡುತ್ತವೆ. ತಾಮ್ರ ಹಾಗಲ್ಲ. ಭಾರ ಹೆಚ್ಚು, ಬೆಲೆ ಕಡಿಮೆ. ಹೊತ್ತುಕೊಂಡು ದೂರ ಹೋಗಿ ಲಾಭವಿಲ್ಲ. ಹಾಗಾಗಿ ಅದು ಹೆಚ್ಚಾಗಿ ತನ್ನ ಸಂತೆಯ ಆಸುಪಾಸಿನಲ್ಲೇ ಸುತ್ತಿ ಸವೆಯುತ್ತದೆ. ಉಪ್ಪು, ಎಲೆ, ಎಣ್ಣೆ ಕೊಂಡವರ ಚರಿತ್ರೆ ಬೇಕಿದ್ದರೆ ತಾಮ್ರವನ್ನೇ ಕೇಳಬೇಕು.

ನಮ್ಮ ತಾಲ್ಲೂಕಿನಲ್ಲೇ ಕಾಗಿಣಾ ನದಿ ದಂಡೆಯ ಮಳಖೇಡ ಇದೆ, ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. 851ರ ಸುಮಾರಿನ ಅರಬ್ ವರ್ತಕ ಸುಲೈಮಾನನ ವರದಿಯಲ್ಲಿ ಇಲ್ಲಿನ ದೊರೆ 'ಬಲ್ಹರಾ', ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ. ಶಾಸನಗಳಲ್ಲಿ ಗದ್ಯಾಣ, ದ್ರಮ್ಮ ಎಂದೆಲ್ಲ ಲೆಕ್ಕ ಬರುತ್ತದೆ. ಆದರೆ ಇದು ರಾಷ್ಟ್ರಕೂಟರದ್ದೇ ಎಂದು ಖಚಿತವಾಗಿ ಹೇಳಬಹುದಾದ ನಾಣ್ಯಗಳು ತೀರಾ ಅಪರೂಪ. "ಅಮೋಘವರ್ಷನ ದುಡ್ಡು" ಎಂದು ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ರಾಮಪಟ್ಟಾಭಿಷೇಕದ ಚಿತ್ರವಿರುವ, 1818ನೇ ಇಸವಿಯ 'ಕಂಪನಿ ನಾಣ್ಯ'ವೂ ಅಷ್ಟೇ. ಈಸ್ಟ್ ಇಂಡಿಯಾ ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ. ಅಕ್ಕಿ ಎಳೆಯುತ್ತದೆ ಎಂದು ಹೇಳಿ ಅದನ್ನೇ ಲಕ್ಷಾಂತರಕ್ಕೆ ಮಾರುವವರೂ ಇದ್ದಾರೆ!

ನಮ್ಮ ಕಡೆ ನಿಜವಾಗಿ ಕೈಗೆ ಸಿಗುವ ಹಳೆಯ ತಾಮ್ರವೆಂದರೆ ಮುಖ್ಯವಾಗಿ ಬಹಮನಿಗಳದ್ದು. 1347ರಲ್ಲಿ ಹಸನ್ ಬಹಮನ್ ಶಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ, ಅದಕ್ಕೆ ಅಹ್ಸನಾಬಾದ್ ಎಂದು ಹೆಸರಾಯಿತು. ಅಹ್ಮದ್ ಶಾ (1422-1436) ಕಾಲದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಇವರ ದಪ್ಪನೆಯ ತಾಮ್ರದ ನಾಣ್ಯಕ್ಕೆ ಸಂಗ್ರಾಹಕರು 'ಗನಿ' ಎನ್ನುತ್ತಾರೆ.

ಗುರುತಿಸುವುದು ಹೇಗೆ? ಮೊದಲು ಅಂಚು ನೋಡಿ. ಅಂಚು ಸೊಟ್ಟಗಿದ್ದು ಬರಹ ಅರ್ಧಕ್ಕೇ ಕತ್ತರಿಸಿದಂತಿದ್ದರೆ ಅದು ಸುತ್ತಿಗೆಯಿಂದ ಹೊಡೆದ ನಾಣ್ಯ. ಒಂದು ಅಚ್ಚು ಕೆಳಗೆ, ಒಂದು ಕೈಯಲ್ಲಿ, ನಡುವೆ ತಾಮ್ರದ ಬಿಲ್ಲೆ, ಮೇಲಿಂದ ಪೆಟ್ಟು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಯಾವ ಒಂದು ನಾಣ್ಯದಲ್ಲೂ ಪೂರ್ತಿ ವಾಕ್ಯ ಸಿಗುವುದು ಕಷ್ಟ. ಒಂದರಲ್ಲಿ ಬಲಗಡೆ, ಇನ್ನೊಂದರಲ್ಲಿ ಎಡಗಡೆ. ನಾಲ್ಕೈದು ನಾಣ್ಯಗಳ ತುಣುಕು ಜೋಡಿಸಿದರೆ ವಾಕ್ಯ ಪೂರ್ತಿಯಾಗುತ್ತದೆ. ಹರಿದ ಲಾಗ್ ಫೈಲ್‌ಗಳನ್ನು ಜೋಡಿಸುವ ಕೆಲಸ ಗೊತ್ತಿದ್ದವರಿಗೆ ಇದರ ಮಜಾ ಅರ್ಥವಾದೀತು.

ಆಮೇಲೆ ತೂಕ. ಅಕ್ಕಸಾಲಿಗರು ಬಳಸುವಂಥ ಚಿಕ್ಕ ತಕ್ಕಡಿ ಸಾಕು. ಒಂದೇ ಬಗೆಯ ನಾಣ್ಯಕ್ಕೆ ಇಡಿ, ಅರ್ಧ, ಕಾಲು ಎಂದು ಅಳತೆಗಳಿರುತ್ತವೆ. ತೂಕವಿಲ್ಲದ ಫೋಟೋ ನೋಡಿ ಬಲ್ಲವರೂ ಹೇಳಲಾರರು.

ಮೂರನೆಯದು ಅಂಕಿ. ಅರಬ್ಬಿ ಬರಹದ 7 ಇಂಗ್ಲಿಷಿನ 'ವಿ' ಅಕ್ಷರದ ಹಾಗೆ, 8 ಅದನ್ನೇ ತಲೆಕೆಳಗು ಮಾಡಿದ ಹಾಗೆ, ಸೊನ್ನೆ ಬರೀ ಒಂದು ಚುಕ್ಕೆ. ನಾಣ್ಯ ಉಲ್ಟಾ ಹಿಡಿದರೆ ಏಳು ಹೋಗಿ ಎಂಟಾಗಿ ನೂರು ವರ್ಷ ವ್ಯತ್ಯಾಸ! ಮೊದಲು ಅಕ್ಷರ ನೋಡಿ ಮೇಲು-ಕೆಳಗು ತೀರ್ಮಾನಿಸಿಕೊಳ್ಳಿ. ಸಿಕ್ಕ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಇಸವಿ ಬರುತ್ತದೆ. 840 ಇದ್ದರೆ ಸುಮಾರು 1436. ಬಹಮನಿಗಳಲ್ಲಿ ಅಹ್ಮದ್, ಮಹಮ್ಮದ್ ಎಂಬುವರು ಹಲವರು. ಹೆಸರೊಂದನ್ನೇ ಓದಿದರೆ ಸಾಲದು, ಬಿರುದು, ತಂದೆಯ ಹೆಸರು, ವರ್ಷ ಎಲ್ಲ ಕೂಡಿಸಿ ನೋಡಬೇಕು.

ಇನ್ನು ಸುಮಾರು ಮುನ್ನೂರು ವರ್ಷ ಮುಂದೆ ಬಂದರೆ ನಿಜಾಮರು. ಅವರ ನಾಣ್ಯಗಳೂ ಮೊದಮೊದಲು ಸುತ್ತಿಗೆಯವೇ, ಅದೂ ಮೊಗಲ್ ಬಾದಶಹರ ಹೆಸರಿನಲ್ಲಿ. 1857ರ ದಂಗೆ ಮುಗಿದು ಬಾದಶಾಹಿ ಹೋದ ಮೇಲೆ ರೂಪಾಯಿಗಳಲ್ಲಿ ಆಸಫ್ ಜಾ ಎಂಬ ಹೆಸರು, 92 ಎಂಬ ಅಂಕಿ ಬಂತು. 92 ಇಸವಿಯಲ್ಲ. 'ಮುಹಮ್ಮದ್' ಎಂಬ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೆ ಬರುವ ಮೊತ್ತ (40+8+40+4). ಹೈದರಾಬಾದಿನ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಬಂತು. ಅಲ್ಲಿಂದಾಚೆ ಬೆಳ್ಳಿಯ ಮೇಲೆ ಚಾರ್ಮಿನಾರ್, ತಾಮ್ರ-ಕಂಚಿನ ಎರಡು ಪೈ ಮೇಲೆ ತುಘ್ರಾ ಎಂಬ ಹೆಣೆದ ಬರಹ. ಚಾರ್ಮಿನಾರಿನ ಬಾಗಿಲಲ್ಲಿ 'ಮೀಮ್' ಅಕ್ಷರವಿದ್ದರೆ ಮಹಬೂಬ್ ಅಲಿ ಖಾನ್ (1869-1911), 'ಐನ್' ಇದ್ದರೆ ಉಸ್ಮಾನ್ ಅಲಿ ಖಾನ್. ಎರಡೇ ಅಕ್ಷರ ಕಲಿತರೆ ಅರ್ಧ ಡಬ್ಬಿ ಖಾಲಿ!

ಅದೇ ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲಾಣೆಯೂ ಸಿಗುತ್ತದೆ. ಬ್ರಿಟಿಷರ ರೂಪಾಯಿ 'ಕಲ್ದಾರ್', ನಿಜಾಮರದ್ದು 'ಹಾಲಿ'. ಹಾಲಿ ಏಳು ಕೊಟ್ಟರೆ ಕಲ್ದಾರ್ ಸುಮಾರು ಆರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದ ಮೇಲೆ ಬೊಂಬಾಯಿ ಕಡೆಯ ರೈಲೂ ಹೈದರಾಬಾದಿನ ರೈಲೂ ವಾಡಿಯಲ್ಲಿ ಕೂಡಿದವು. ಎರಡೂ ರೊಕ್ಕ ಒಂದೇ ಚೀಲಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ನಾನು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಒದ್ದಾಡಿದ್ದನ್ನು ಅವರು ಎಲೆ ಜಗಿಯುತ್ತಲೇ ಓದಿ ಹೇಳುತ್ತಿದ್ದರು. 1948ರ ನಂತರ ನಮ್ಮ ಮನೆಯ ಓದು ಕನ್ನಡಕ್ಕೆ ಬಂತು, ಒಳ್ಳೆಯದೇ ಆಯಿತು. ಆದರೆ ಡಬ್ಬಿಯ ದುಡ್ಡು ಮಾತ್ರ ಮೂಕವಾಯಿತು. ಆ ತಲೆಮಾರು ಈಗ ಊರೂರಲ್ಲಿ ಮುಗಿಯುತ್ತಾ ಬಂದಿದೆ. ಓದಲು ಬಾರದ ನಾಣ್ಯ ಗುಜರಿ ತಾಮ್ರದ ಜೊತೆ ಕಿಲೋ ಲೆಕ್ಕಕ್ಕೆ ಹೋಗುತ್ತದೆ.

ನಾಣ್ಯ ಕರಗಿಸುವುದು ಹೊಸದೇನಲ್ಲ. ಸುಲ್ತಾನರ ಚಿನ್ನ-ಬೆಳ್ಳಿಯ ನಾಣ್ಯಗಳನ್ನು ಸರಾಫರು ಕರಗಿಸುತ್ತಿದ್ದರೆಂದು ಒಂದನೇ ಮಹಮ್ಮದ್ ಶಾ (1358-1375) ಅವರನ್ನು ಕೊಲ್ಲಿಸಿದ ಎಂದು ಫೆರಿಷ್ತಾ ಬರೆದಿದ್ದಾನೆ. ಈಗ ಅಂಥ ಭಯವಿಲ್ಲ, ಹುಣಸೆಹಣ್ಣೇ ಸಾಕು. "ಏ ತಮ್ಮಾ, ಹುಣಸಿಹಣ್ಣ ಹಚ್ಚಿ ತಿಕ್ಕು, ಫಳಫಳ ಹೊಳಿತದ ನೋಡು" ಅಂತಾಳೆ ಆಯಿ. ಹೊಳೆಯುವುದು ನಿಜ. ಆದರೆ ಸವೆದ ನಾಣ್ಯದಲ್ಲಿ ಉಳಿದ ಬರಹ ಎಷ್ಟೋ ಸಲ ಆ ಕಪ್ಪು ಪದರದಲ್ಲೇ ಇರುತ್ತದೆ. ಹುಳಿ ತಗುಲಿದರೆ ಅದೂ ಹೋಯಿತು.

ಕೊನೆಗೆ ಒಂದೇ ಮಾತು. ಬಹಮನಿಗಳ ಬೆಳ್ಳಿಯ ಮೇಲೆ ಟಂಕಸಾಲೆಯ ಹೆಸರಿರುತ್ತದೆ, ತಾಮ್ರದಲ್ಲಿ ಹೆಚ್ಚಿನವುಗಳ ಮೇಲೆ ಇರುವುದಿಲ್ಲ. ಯಾವ ಊರಿನಲ್ಲಿ ಸಿಕ್ಕಿತು ಅನ್ನುವುದೊಂದೇ ಅದರ ವಿಳಾಸ. ನಗರದ ಅಂಗಡಿಗೆ ಹೋಯಿತೋ ವಿಳಾಸ ಹೋಯಿತು, ಮತ್ತೆ ಯಾವ ಪಂಡಿತರೂ ಹುಡುಕಿಕೊಡಲಾರರು. ಬೆಲೆಯಂತೂ ದೊಡ್ಡದೇನಿಲ್ಲ. ಅದಕ್ಕೇ, ಮನೆಯಲ್ಲಿ ಅಂಥದ್ದಿದ್ದರೆ ತೊಳೆಯಬೇಡಿ. ಎರಡೂ ಮುಖದ ಫೋಟೋ ತೆಗೆದು, ತೂಗಿ, ಊರು, ಸಿಕ್ಕ ಜಾಗ, ಯಾರ ಕೈಯಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆಗಟ್ಟಲೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ಉಳಿದವರು ಡಬ್ಬಿ ತೆಗೆದು ನೋಡಿ, ಮನೆಯಲ್ಲಿ ಉರ್ದು ಓದುವ ಹಿರಿಯರಿದ್ದರೆ ಈ ಭಾನುವಾರವೇ ಅವರ ಪಕ್ಕ ಕೂತುಕೊಳ್ಳಿ. ಏನು ಸಿಕ್ಕಿತು ಅಂತ ನನಗೂ ಹೇಳಿ!